ಕಿರುಬೆರಳುದ್ದದ ರಬ್ಬರ್ ಮೀನು

ನಾನು ಒಂದು ರಬ್ಬರ್ ಮೀನು. ಕಿರುಬೆರಳಿನಷ್ಟು ಉದ್ದ, ಮಾಸಲು ಬೆಳ್ಳಿ ಬಣ್ಣ, ಬಳುಕುವ ಬಾಲ. ಬಿಸಿ ರಬ್ಬರನ್ನು ಅಚ್ಚಿಗೆ ಹುಯ್ದಾಗ ಹುಟ್ಟಿದೆ. ನನಗೆ ಸ್ವಂತ ತಲೆ ಇಲ್ಲ. ಕೊಕ್ಕೆ ಇರುವ ಸೀಸದ ತಲೆಯನ್ನು ಯಾರಾದರೂ ನನ್ನೊಳಗೆ ಪೋಣಿಸಿದರೆ ಮಾತ್ರ ನಾನು ಮೀನು, ಅಲ್ಲಿಯವರೆಗೆ ಬರೀ ರಬ್ಬರು.

ಮೈಸೂರಿನ ಅಂಗಡಿಯಲ್ಲಿ ನನ್ನನ್ನು ಮೊದಲು ಕೊಂಡವರು ಒಬ್ಬ ಮೇಷ್ಟರು. ಒಂದೇ ಭಾನುವಾರ ಗಾಳ ಹಿಡಿದು ಕೂತು ಬಿಸಿಲು ಸಾಕಾಗಿ, ಡಬ್ಬಿಯ ಸಮೇತ ಅದರಲ್ಲಿದ್ದ ರಬ್ಬರ್ ಮೀನುಗಳಾದ ನಮ್ಮನ್ನೆಲ್ಲ ನಂಜೇಗೌಡರಿಗೆ ಕೊಟ್ಟು ಕೈತೊಳೆದುಕೊಂಡರು. ಗೌಡರು ಬಸ್ ಓಡಿಸಿ ನಿವೃತ್ತರಾದವರು, ಹಿನ್ನೀರಿನ ದಂಡೆಯ ಊರಿನವರು. "ಇದ್ಯಾವ ಮೀನಿನ ಹಲ್ಲಿನ ಸಂದಿಗೆ ಸಾಲ್ತದೆ?" ಎಂದು ನನ್ನನ್ನು ಡಬ್ಬಿಯ ಮೂಲೆಗೆ ತಳ್ಳಿದರು. ಅವರ ಲೆಕ್ಕ ಸರಳ: ದೊಡ್ಡ ಮೀನಿಗೆ ದೊಡ್ಡ ತುತ್ತು. ಅಂಗೈ ಉದ್ದದ ನನ್ನ ಅಣ್ಣಂದಿರಿಗೆ ಭಾರದ ತಲೆ ಪೋಣಿಸಿ, ದೋಣಿಯ ಹಿಂದೆ ದಾರ ಬಿಟ್ಟು, ಹುಟ್ಟು ಹಾಕುತ್ತ ಎಳೆದುಕೊಂಡು ಹೋಗುತ್ತಿದ್ದರು. ಅಣ್ಣಂದಿರು ತಳ ಸೇರಿ, ಮುಳುಗಿದ ಮರದ ಬೊಡ್ಡೆಗೆ ಸಿಕ್ಕಿ ಅಲ್ಲೇ ಉಳಿಯುತ್ತಿದ್ದರು. ಅಪರೂಪಕ್ಕೆ ಒಂದು ಮೀನು ಸಿಕ್ಕರೆ ಗೌಡರನ್ನು ಹಿಡಿಯುವವರಿರಲಿಲ್ಲ.

ಮಗಳ ಮದುವೆಯಾಯಿತು. ಅಳಿಯನ ತಂದೆ ಬೋರೇಗೌಡರು ತಮಾಷೆಯ ಮನುಷ್ಯ. "ನಮ್ ಬೀಗ್ರು ಹಿನ್ನೀರ್ನ ದಿನಾ ಸೋಸ್ತಾರಂತೆ, ಮೀನ್ ಮಾತ್ರ ಅಂಗಡೀದು" ಎಂದು ಎಲ್ಲರೆದುರು ಹೇಳಿಬಿಟ್ಟರು. ನಮ್ಮ ಗೌಡರಿಗೆ ಮೈಯೆಲ್ಲ ಉರಿದುಹೋಯಿತು. ಬೀಗರೂಟದ ದಿನ ಬೀಗರ ಎಲೆಗೆ ಕೈಯಾರೆ ಹಿಡಿದ ಮೀನನ್ನೇ ಬಡಿಸುತ್ತೇನೆ, ಆಗದಿದ್ದರೆ ಇನ್ನು ಗಾಳ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ನನಗೆ ಭಯವಾಯಿತು. ಗಾಳ ಅಟ್ಟ ಸೇರಿದರೆ, ನೀರಿಗೇ ಇಳಿಯದ ನಾನೂ ಅದರ ಜೊತೆ ಅಟ್ಟಕ್ಕೆ.

ಊಟದ ದಿನ ಬೆಳ್ಳಂಬೆಳಗ್ಗೆ ಗೌಡರು ಉಳಿದ ಒಬ್ಬನೇ ಅಣ್ಣನನ್ನು ಪೋಣಿಸುತ್ತಿದ್ದಾಗ ಅವರ ಹೆಂಡತಿ ಸಾಕಮ್ಮ ದೋಣಿ ಹತ್ತಿದರು. ಡಬ್ಬಿ ಕೆದಕಿ ನನ್ನನ್ನು ಎತ್ತಿದರು.

"ಇದ ಹಾಕಿ."

"ಅದು ಮೀನಾ? ಗೊದಮೊಟ್ಟೆ ಕಣೆ ಅದು."

"ಹಿಡಿಯೋರು ನೀವು, ಹೊಟ್ಟೆ ಸೀಳೋಳು ನಾನು. ಒಳಗೇನೈತೆ ಅಂತ ಒಂದಿನಾನಾದ್ರೂ ಬಗ್ಗಿ ನೋಡಿದ್ದೀರಾ? ಎಷ್ಟು ದೊಡ್ಡ ಮೀನೇ ಆಗ್ಲಿ, ಒಳಗಿರೋವು ಇಷ್ಟುದ್ದದ ಮರಿಗಳೇ. ತಲೇನೂ ಹಗುರದ್ದು ಹಾಕಿ, ಮರಿಗಳು ತಳದಲ್ಲಿರಾಕಿಲ್ಲ."

ಗೌಡರು ಅಣ್ಣನನ್ನು ಬಿಟ್ಟು, ಹಗುರದ ತಲೆಯೊಂದನ್ನು ನನಗೆ ಪೋಣಿಸಿದರು. ಹಿಡಿದ ಮೀನನ್ನು ಹಿತ್ತಲ ಕಲ್ಲಿನ ಮೇಲೆ ಎಸೆದು ಕಾಫಿ ಕುಡಿಯಲು ಹೋಗುವುದೇ ಇಲ್ಲಿಯವರೆಗಿನ ಅವರ ಪದ್ಧತಿ.

ಅವರು ಹುಟ್ಟು ಹಿಡಿದರು, ಸಾಕಮ್ಮ ಗಾಳ ಹಿಡಿದರು. ಮೊದಲ ಸಲ ನೀರು ಕಂಡೆ. ದೋಣಿ ಜೋರಾದರೆ ಮೇಲೇಳುತ್ತಿದ್ದೆ, ನಿಧಾನವಾದರೆ ಇಳಿಯುತ್ತಿದ್ದೆ, ಬಾಲ ತಾನಾಗಿ ಆಡುತ್ತಿತ್ತು. ಎಷ್ಟು ಖುಷಿಯಾಯಿತೆಂದರೆ ಕೆಲಸವೇ ಮರೆತುಹೋಯಿತು. ಒಂದು ಸುತ್ತು ಏನೂ ಇಲ್ಲ. ಗೌಡರು "ನಾ ಹೇಳ್ಲಿಲ್ವಾ" ಅನ್ನುವಷ್ಟರಲ್ಲಿ ಯಾರೋ ನನ್ನನ್ನು ಗಬಕ್ಕನೆ ನುಂಗಿದರು. ಮೊಳದುದ್ದದ ಕೊರಮೀನು. ಆಮೇಲೆ ಇನ್ನೊಂದು, ಮತ್ತೊಂದು. ಕೊನೆಯದು ನನ್ನ ಬಾಲವನ್ನೇ ಕಚ್ಚಿಕೊಂಡು ಹೋಯಿತು.

ಮಧ್ಯಾಹ್ನ ನನ್ನನ್ನು ಕಿಟಕಿಯ ಮೇಲೆ ಇಟ್ಟಿದ್ದರು. ಬೋರೇಗೌಡರು ಮೂರನೇ ತುಂಡು ಮುಗಿಸಿ ಬೆರಳು ನೆಕ್ಕಿಕೊಂಡರು.

"ಬೀಗ್ರೇ, ನಿಜ ಹೇಳಿ, ನೀವೇ ಹಿಡಿದಿದ್ದಾ?"

ಪಂಕ್ತಿಯವರೆಲ್ಲ ಇತ್ತ ತಿರುಗಿದರು. ಒಂದು "ಹೂಂ" ಅಂದಿದ್ದರೆ ಮುಗಿಯುತ್ತಿತ್ತು. ಗೌಡರು ಸಾಕಮ್ಮನ ಕಡೆ ನೋಡಿದರು.

"ಇಲ್ಲ. ಹಿಡಿದೋಳು ನಿಮ್ ಬೀಗಿತ್ತಿ. ನಾನು ಹುಟ್ಟು ಹಾಕ್ದೆ."

"ಹಂಗಾದ್ರೆ ಇನ್ ಮೇಲೆ ನೀವು ಗಾಳ ಮುಟ್ಟಂಗಿಲ್ಲ."

"ಮುಟ್ಟಾಕಿಲ್ಲ ಬುಡಿ."

ಸಾಕಮ್ಮ ಸಾರು ತರುತ್ತೇನೆಂದು ಒಳಗೆ ಹೋದರು. ಸಾರಿನ ಪಾತ್ರೆ ಹೊರಗೇ ಇತ್ತು.

ಬಾಲ ಹೋದ ಮೇಲೆ ನನಗೂ ನಿವೃತ್ತಿ. ಈ ಕಿಟಕಿಯಲ್ಲೇ ಬಿದ್ದಿದ್ದೇನೆ, ಬಿಸಿಲಿಗೆ ಮೈ ಬಿರುಸಾಗಿದೆ. ಒಂದೇ ದಿನ ಈಜಿದ್ದು, ಸಾಕು, ಕೊರಗಿಲ್ಲ. ಗೌಡರು ಮಾತಿಗೆ ತಪ್ಪಲಿಲ್ಲ. ಸಾಕಮ್ಮ ಗಾಳ ಹಾಕುತ್ತಾರೆ, ಅವರು ಹುಟ್ಟು ಹಾಕುತ್ತಾರೆ. ಮನೆಗೆ ಬಂದರೆ ಸಾಕಮ್ಮ ಕಾಫಿ ಹಿಡಿದು ಜಗಲಿಯಲ್ಲಿ ಕೂರುತ್ತಾರೆ. ಹಿತ್ತಲ ಕಲ್ಲಿನ ಹತ್ತಿರ ಗೌಡರು ಲುಂಗಿ ಎತ್ತಿ ಕಟ್ಟಿ, ಮೀನಿನ ಹೊಟ್ಟೆಯೊಳಕ್ಕೆ ಇಣುಕಿ ಕೂಗುತ್ತಾರೆ: "ಬಾರೆ ಇಲ್ಲಿ, ಇವತ್ತು ಸಿಗಡಿ ತಿಂದೈತೆ."