ತಂದೆಯ ಸಹಿ ಇರಬೇಕಾದ ಜಾಗ

ಹೊರಡಲು ತಿಂಗಳಿರುವಾಗ ಅಳಿಯನಿಗೆ ರಜೆ ಸಿಗುವುದಿಲ್ಲವೆಂದು ತಿಳಿಯಿತು. ಪ್ರವಾಸಿ ಹಡಗಿನಲ್ಲಿ ನಾಲ್ವರ ಕೋಣೆಯೊಂದನ್ನು ಮಗಳು ಆಗಲೇ ಗೊತ್ತುಮಾಡಿದ್ದಳು. ಅವಳು, ಮೊಮ್ಮಗಳು, ನಾನು. ಒಂದು ಹಾಸಿಗೆ ಖಾಲಿ. ಅದು ಯಾರದೆಂದು ಮೊಮ್ಮಗಳು ಯಾರನ್ನೂ ಕೇಳದೆ ತೀರ್ಮಾನಿಸಿಬಿಟ್ಟಳು.

"ಅದು ಗುಬ್ಬೀದು," ಅಂದಳು.

ಮೊಮ್ಮಗಳಿಗೆ ಮನೆಯಲ್ಲಿ ರೇಡಿಯೋ ಎಂದು ಹೆಸರು. ಹಲ್ಲುಜ್ಜುವಾಗ ಶುರುವಾದ ಮಾತು ನಿದ್ದೆಯಲ್ಲೂ ಸ್ವಲ್ಪ ದೂರ ನಡೆಯುತ್ತದೆ. ಗುಬ್ಬಿ ಅವಳ ತರಗತಿಯವಳು, ಕೆಳಗಿನ ಮಹಡಿಯಲ್ಲಿ ತಾಯಿಯೊಂದಿಗೆ ಇರುವವಳು. ಮಾತು ಕಡಿಮೆ. ಇವಳು ಹೇಳಬೇಕು, ಅವಳು ಕೇಳಬೇಕು. ಹೇಳಿ ಮಾಡಿಸಿದ ಜೋಡಿ.

ಗುಬ್ಬಿಯ ತಾಯಿ ಬೀದಿಯ ಕೊನೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಾಳೆ. ನನ್ನ ಕನ್ನಡಕ ಅವಳ ಕೈಯದೇ. ಕಿವಿಯ ಹಿಂದೆ ನೋಯುತ್ತದೆಂದು ನಾನು ಬಾಯಿ ತೆರೆಯುವ ಮೊದಲೇ ಅಲ್ಲಿನ ಕೆಂಪು ಗೆರೆ ಅವಳ ಕಣ್ಣಿಗೆ ಬಿದ್ದಿತ್ತು. ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸಿ, ತನ್ನ ಅಂಗೈಗೆ ಒತ್ತಿ ಬಿಸಿ ಆರಿದೆಯೇ ನೋಡಿಕೊಂಡು ಆಮೇಲೆ ನನಗೆ ತೊಡಿಸಿದ್ದಳು.

ಗುಬ್ಬಿಯ ತಂದೆ ಸರಕಿನ ಹಡಗಿನಲ್ಲಿ ಅಡುಗೆಯವನಾಗಿದ್ದ. ಎರಡು ವರ್ಷದ ಹಿಂದೆ, ದೊಡ್ಡ ಬಿರುಗಾಳಿಯೊಂದರ ನಂತರ, ಹಡಗು ಬಂದರಿಗೆ ಬಂತು; ಅವನು ಬರಲಿಲ್ಲ. ದೇಹವೂ ಸಿಗಲಿಲ್ಲ. ಹಡಗಿನ ಕಂಪನಿಯಿಂದ ಒಂದು ಪತ್ರ, ಅವನ ಪೆಟ್ಟಿಗೆ ಬಂದವು. ಆ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸಲು ಕೈಕೊಟ್ಟವನು ನನ್ನ ಅಳಿಯ. ಹಾಗಾಗಿ ನಮಗೆ ಗೊತ್ತು. ಮರಣ ಪ್ರಮಾಣಪತ್ರಕ್ಕೆ ಅವಳು ಯಾವ ಕಚೇರಿಗೂ ಹೋಗಲಿಲ್ಲ. ಗಂಡನೆಲ್ಲಿ ಎಂದು ಯಾರಾದರೂ ಕೇಳಿದರೆ "ಹಡಗಲ್ಲಿದ್ದಾರೆ" ಅನ್ನುತ್ತಿದ್ದಳು. ಮಗುವಿಗೂ ಅದನ್ನೇ ಹೇಳಿದ್ದಳು. ಅವರಿಬ್ಬರ ಎದುರು ನಾವೂ ಹಾಗೆಯೇ ಮಾತಾಡಲು ಕಲಿತೆವು. ತಪ್ಪೋ ಸರಿಯೋ, ಕಟ್ಟಡದಲ್ಲಿ ಎಲ್ಲರಿಗೂ ಅದು ರೂಢಿಯಾಗಿಹೋಯಿತು.

ಗುಬ್ಬಿ ನಮ್ಮ ಮನೆಯಲ್ಲಿ ಹಾಲು ಕುಡಿಯುವಾಗ ಲೋಟದ ಸುತ್ತ ನಾಲ್ಕು ಪೆನ್ಸಿಲ್ ಜೋಡಿಸುತ್ತಿದ್ದಳು. ಮೊದಲ ದಿನ ಅದೇನೆಂದು ಕೇಳಿದೆ. ಹಡಗಿನ ಒಲೆಯ ಸುತ್ತ ಹೀಗೇ ಕಂಬಿಯ ಬೇಲಿ ಇರುತ್ತದಂತೆ, ಇಲ್ಲದಿದ್ದರೆ ಅಲೆ ಬಂದಾಗ ಪಾತ್ರೆಗಳು ಜಾರಿ ಬೀಳುತ್ತವಂತೆ, ಅಪ್ಪ ಹೇಳಿದ್ದಾರೆ ಎಂದಳು. ನಮ್ಮ ಊಟದ ಮೇಜಿಗೆ ಯಾವ ಅಲೆ ಬರುತ್ತದೆಂದು ರೇಡಿಯೋ ನಕ್ಕಳು. ಮರುದಿನದಿಂದ ಅವಳೂ ಪೆನ್ಸಿಲ್ ಜೋಡಿಸತೊಡಗಿದಳು.

ನಾವು ಪ್ರವಾಸದ ಸುದ್ದಿ ಎತ್ತಿದ ದಿನ ಗುಬ್ಬಿಯ ತಾಯಿ ಬೇಡವೆಂದಳು. ಅಷ್ಟೇ, ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ. ವಾರದ ಮೇಲೆ ಅವಳೇ ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತಳು. ಕೈಯಲ್ಲಿ ಗುಬ್ಬಿಯ ಪಾಸ್‌ಪೋರ್ಟು. ಮಗು ಇನ್ನೂ ಚಿಕ್ಕದಿದ್ದಾಗ, ಎಂದಾದರೂ ತಾನಿರುವ ಹಡಗು ನೋಡಲು ಬರಲೆಂದು ತಂದೆಯೇ ಮಾಡಿಸಿಟ್ಟದ್ದು.

"ಕಳ್ಸು ಅಂತ ಕೇಳಿದ್ರೆ ಬೇಡ ಅನ್ಬಹುದಿತ್ತು ದೊಡ್ಡಮ್ಮ," ಅಂದಳು. "ಅವಳು ಕೇಳ್ತಾನೇ ಇಲ್ಲ. ಹೋಗಲ್ಲ ಅಂತ ತಾನೇ ನಿಮ್ಮ ಮೊಮ್ಮಗಳಿಗೆ ಹೇಳಿ ಬಂದಿದ್ದಾಳೆ."

ಒಳಗೆ ಬಾ ಎಂದರೆ ಬರಲಿಲ್ಲ. ಪಾಸ್‌ಪೋರ್ಟನ್ನು ನನ್ನ ಕೈಯಲ್ಲಿಟ್ಟು ಇಳಿದುಹೋದಳು.

ನನ್ನ ಮಗಳು ಆಸ್ಪತ್ರೆಯಲ್ಲಿ ದಾದಿ. ಯಾವ ಕೆಲಸವನ್ನೂ ಅಂದಾಜಿಗೆ ಬಿಡುವವಳಲ್ಲ. ಪ್ರವಾಸದ ಕಂಪನಿಗೆ ಫೋನ್ ಮಾಡಿ ಎಲ್ಲ ಕೇಳಿಕೊಂಡಳು. ಬೇರೆಯವರ ಮಗುವನ್ನು ಕರೆದೊಯ್ಯುವುದಾದರೆ ಪಾಸ್‌ಪೋರ್ಟ್, ಜನನ ಪತ್ರದ ಪ್ರತಿ ಇದ್ದರೆ ಸಾಲದು. ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರ ಬೇಕು, ಅದಕ್ಕೆ ನೋಟರಿಯ ಮೊಹರು ಬೇಕು. ಯಾವ ದಿನ ಹೊರಟು ಯಾವ ದಿನ ಬರುತ್ತೇವೆ, ಮಗುವಿಗೆ ಹುಷಾರು ತಪ್ಪಿದರೆ ಚಿಕಿತ್ಸೆಗೆ ಯಾರು ಹೂಂ ಅನ್ನಬೇಕು ಎಂಬುದೆಲ್ಲ ಅದರಲ್ಲಿರಬೇಕು. ತಂದೆ ಇಲ್ಲದಿದ್ದರೆ ಮರಣ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ? ತಾಯಿಯಿಂದ ಪ್ರಮಾಣ ಮಾಡಿಸಿ ತನ್ನಿ, ಬಂದರಿನ ಅಧಿಕಾರಿ ಒಪ್ಪಿದರೆ ಹತ್ತಬಹುದು, ನಾವು ಮಾತು ಕೊಡುವುದಿಲ್ಲ ಎಂದರಂತೆ.

ನೋಟರಿ ವಕೀಲರ ಕಚೇರಿ ಜೆರಾಕ್ಸ್ ಅಂಗಡಿಯ ಮೇಲೆ, ಗುಬ್ಬಿಯ ತಾಯಿ, ನನ್ನ ಮಗಳು, ನಾನು ಕಡಿದಾದ ಮೆಟ್ಟಿಲು ಹತ್ತಿ ಹೋದೆವು. ನನ್ನ ಏದುಸಿರು ಕೇಳಿ ಬೆರಳಚ್ಚಿನ ಹುಡುಗಿ ತಾನು ಕೂತಿದ್ದ ಕುರ್ಚಿಯನ್ನೇ ನನ್ನತ್ತ ತಳ್ಳಿ, ನಿಂತುಕೊಂಡೇ ಟೈಪು ಮಾಡಿದಳು. ತಾಯಿಯ ವಿವರ ಮುಗಿಯಿತು. ತಂದೆ ತೀರಿಕೊಂಡಿದ್ದಾರೆಯೇ ಎಂದು ಕೇಳುತ್ತಲೇ ಅವಳ ಬೆರಳು ಅಭ್ಯಾಸಬಲದಿಂದ ಹೆಸರಿನ ಹಿಂದೆ ದಿವಂಗತ ಎಂದು ಹೊಡೆದುಬಿಟ್ಟಿತು.

"ಹಡಗಲ್ಲಿದ್ದಾರೆ," ಅಂದಳು ಗುಬ್ಬಿಯ ತಾಯಿ.

ಮಗಳು ನನ್ನ ಮುಖ ನೋಡಿದಳು. ವಯಸ್ಸಾದ ವಕೀಲರು ಎಲ್ಲರ ಮುಖವನ್ನೂ ನೋಡಿದರು. ಕೊನೆಯ ಸಲ ಯಾವಾಗ ಮಾತಾಡಿದ್ದು, ಅವರ ಕಂಪನಿ ಏನು ಹೇಳಿತು ಎಂದು ಮೆಲ್ಲಗೆ ವಿಚಾರಿಸಿದರು. ಅವಳು ಮೊದಲನೆಯದಕ್ಕೆ ಉತ್ತರ ಕೊಟ್ಟಳು. ಎರಡನೆಯದಕ್ಕೆ ತಲೆ ತಗ್ಗಿಸಿ ಕೈಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವರು ಮತ್ತೆ ಕೇಳಲಿಲ್ಲ. ತಾವೇ ಎದ್ದುಬಂದು ಹುಡುಗಿಗೆ ಹೇಳಿ ಬರೆಸಿದರು: ಮಗುವಿನ ತಂದೆ ತಾವು ಕೆಲಸ ಮಾಡುತ್ತಿದ್ದ ಹಡಗಿನಿಂದ ಮನೆಗೆ ಹಿಂದಿರುಗಿರುವುದಿಲ್ಲ, ಅವರ ಸಹಿ ಪಡೆಯಲು ಸಾಧ್ಯವಿರುವುದಿಲ್ಲ.

"ಇಷ್ಟು ನಿಜ ತಾನೇ ತಾಯಿ? ಇಷ್ಟಕ್ಕೆ ಪ್ರಮಾಣ ಮಾಡಬಹುದಲ್ಲ?"

"ಮಾಡ್ಬಹುದು," ಅಂದಳು.

ಬೆರಳಚ್ಚಿನ ಹುಡುಗಿ ಯಾರೂ ಹೇಳದೆಯೇ ಹೆಸರಿನ ಹಿಂದಿನ ಆ ಪದವನ್ನು ಅಳಿಸಿಹಾಕಿದಳು. ಕಾಗದ ಹೊರಬಂತು. ತಾಯಿಯ ಸಹಿಯ ಪಕ್ಕದಲ್ಲಿ ತಂದೆಯ ಸಹಿ ಇರಬೇಕಾದ ಜಾಗ ಬಿಳಿಯಾಗಿತ್ತು. ವಕೀಲರು ಅಲ್ಲಿಗೆ ತಾಗದಂತೆ ಅಂಚಿನಲ್ಲಿ ಮೊಹರು ಒತ್ತಿದರು.

ಹೊರಡುವ ಬೆಳಗ್ಗೆ ಬಂದರಿನ ಕೋಣೆ ತುಂಬ ಜನ, ಗಾಲಿಪೆಟ್ಟಿಗೆಗಳ ಗರಗರ. ಗುಬ್ಬಿಯ ತಾಯಿ ಬಂದರಿಗೆ ಬರಲಿಲ್ಲ, ಅಂಗಡಿಯಲ್ಲಿ ಕೆಲಸವಿದೆಯೆಂದಳು. ಕೆಲಸವಿದ್ದದ್ದೂ ನಿಜ. ಮನೆಯ ಬಾಗಿಲಲ್ಲೇ ಮಗಳ ಜಡೆ ಬಿಚ್ಚಿ, ಮತ್ತೆ ಹೆಣೆದು, ಮತ್ತೆ ಬಿಚ್ಚಿ ಹೆಣೆದು ಕಳಿಸಿದ್ದಳು.

ನಮ್ಮ ಸರದಿ ಬಂದಾಗ ಕೌಂಟರಿನ ಕಟ್ಟೆಯ ಆಚೆ ಸಮವಸ್ತ್ರದ ಮಹಿಳೆಯೊಬ್ಬರು ಕೂತಿದ್ದರು. ಅವರ ಕನ್ನಡಕ ಮಾತುಮಾತಿಗೂ ಮೂಗಿನ ಮೇಲೆ ಜಾರುತ್ತಿತ್ತು. ನಮ್ಮ ಕಾಗದಗಳನ್ನು ನೋಡಿ, ದೊಡ್ಡವರು ಹಳದಿ ಗೆರೆಯ ಹಿಂದೆ ನಿಲ್ಲಬೇಕು, ಮಗುವನ್ನು ನಾನೊಬ್ಬಳೇ ವಿಚಾರಿಸುತ್ತೇನೆ, ಇದು ನಿಯಮ ಎಂದರು. ಗುಬ್ಬಿ ಕಟ್ಟೆಯ ಅಂಚು ಹಿಡಿದು ತುದಿಗಾಲಲ್ಲಿ ನಿಂತಳು. ಜೊತೆಯಲ್ಲಿರುವವರು ಯಾರು? ಗೆಳತಿ, ಗೆಳತಿಯ ಅಮ್ಮ, ಅಜ್ಜಿ. ನಿನ್ನ ಅಮ್ಮ? ಕನ್ನಡಕದ ಅಂಗಡಿಯಲ್ಲಿದ್ದಾರೆ. ಅಪ್ಪ?

"ಹಡಗಲ್ಲಿದ್ದಾರೆ."

ಅಧಿಕಾರಿಯ ಕೈ ನಿಂತಿತು. ಯಾವ ಹಡಗು ಎಂದು ಕೇಳಿದರು. ಗುಬ್ಬಿ ಕಟ್ಟೆಯ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದಳು. ಮತ್ತೆ ಕೇಳಿದರು. ಅವಳು ತಿರುಗಿ ನಮ್ಮತ್ತಲೂ ನೋಡಲಿಲ್ಲ.

ಅಧಿಕಾರಿ ನನ್ನ ಮಗಳನ್ನು ಕರೆದರು. ತಂದೆಯ ಸಹಿ ಸಿಗುವುದಿಲ್ಲವೆಂದು ಇಲ್ಲಿ ಬರೆದಿದೆ, ಮಗು ನೋಡಿದರೆ ಹಡಗಿನಲ್ಲಿದ್ದಾರೆ ಎನ್ನುತ್ತಿದೆ. ಇದ್ದರೆ ಅವರ ಒಪ್ಪಿಗೆ ಬೇಕಲ್ಲ? ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಮಗುವನ್ನು ದೇಶ ದಾಟಿಸುವುದನ್ನು ದಿನಾ ನೋಡುತ್ತೇವೆ, ಬೇಸರ ಮಾಡಿಕೊಳ್ಳಬೇಡಿ ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ನಿಜವನ್ನು ಹೇಳಲು ಮಗಳು ಬಾಯಿ ತೆರೆದಳು. ಗುಬ್ಬಿ ಅಲ್ಲೇ ನಿಂತಿದ್ದಳು. ಮಗಳು ಬಾಯಿ ಮುಚ್ಚಿದಳು.

"ಅಮ್ಮಾ, ಇವಳನ್ನ ಬಿಟ್ಟು ನಾನು ಹೋಗಲ್ಲ," ಅಂದಳು ರೇಡಿಯೋ.

ಅಧಿಕಾರಿ ಪತ್ರದಲ್ಲಿದ್ದ ಅಂಗಡಿಯ ನಂಬರಿಗೆ ಫೋನ್ ಮಾಡಿದರು. ಪಕ್ಕದ ಸಹೋದ್ಯೋಗಿಗೂ ಕೇಳಬೇಕೆಂದು ಸ್ಪೀಕರ್ ಹಾಕಿದರು. ಗಾಜು ಉಜ್ಜುವ ಯಂತ್ರದ ಸದ್ದು ಕೇಳಿಸಿತು, ಅದರ ಮೇಲೆ ಗುಬ್ಬಿಯ ತಾಯಿಯ ಧ್ವನಿ. ಹೌದು, ನಾನೇ ತಾಯಿ. ಹೌದು, ನಾನೇ ಸಹಿ ಹಾಕಿದ್ದು. ಮಗುವಿನ ತಂದೆ ಎಲ್ಲಿದ್ದಾರೆ?

"ಹಡಗಲ್ಲಿ…" ಅಂದಳು. ಯಂತ್ರ ನಿಂತಿತು. ಅವಳೇ ನಿಲ್ಲಿಸಿರಬೇಕು.

"ಇಲ್ಲ ಮೇಡಂ. ಹಡಗಲ್ಲಿಲ್ಲ. ಹಡಗು ಬಂತು, ಅವರು ಬರ್ಲಿಲ್ಲ. ಸಮುದ್ರದಲ್ಲಿ ಹೋಗ್ಬಿಟ್ರು. ಇನ್ನು ಬರೋದಿಲ್ಲ." ಸ್ವಲ್ಪ ತಡೆದು, "ಮಗೂಗೆ ನಾನು ಹೇಳಿಲ್ಲ. ಅವಳೇನಾದ್ರೂ ಅಲ್ಲೇ ಇದ್ದಾಳಾ?"

ಅಧಿಕಾರಿ ಗುಂಡಿಯತ್ತ ಕೈ ಚಾಚುವಷ್ಟರಲ್ಲಿ ಗುಬ್ಬಿ ಮಾತಾಡಿದಳು.

"ಇದ್ದೀನಮ್ಮ. ನಂಗೆ ಗೊತ್ತಮ್ಮ. ಪೆಟ್ಟಿಗೆ ಬಂತಲ್ಲ, ಆವತ್ತೇ ಗೊತ್ತು. ನೀನು ಹಾಗೆ ಹೇಳ್ತೀಯ ಅಂತ ನಾನೂ ಹಾಗೇ ಹೇಳ್ತಿದ್ದೆ."

ಅಧಿಕಾರಿ ಸ್ಪೀಕರ್ ಆರಿಸಿ, ಸುರುಳಿ ತಂತಿ ನೆಟ್ಟಗಾಗುವಷ್ಟು ಎಳೆದು ಫೋನನ್ನು ಗುಬ್ಬಿಯ ಕೈಗೆ ಕೊಟ್ಟರು. ನಂತರ ಆಗಲೇ ಓದಿದ್ದ ಕಾಗದಗಳನ್ನು ತಲೆ ತಗ್ಗಿಸಿ ಮತ್ತೆ ಓದತೊಡಗಿದರು. ಪಕ್ಕದವರು ಏನೂ ಹೇಳದೆ ನಮ್ಮ ಹಿಂದಿನ ಸಾಲನ್ನು ತಮ್ಮ ಕಡೆಗೆ ಕರೆದುಕೊಂಡರು. ಹಿಂದಿದ್ದ ದಂಪತಿ ಗೊಣಗದೆ ಸರಿದರು.

ತಾಯಿ ಏನು ಹೇಳಿದಳೋ ನನಗೆ ತಿಳಿಯದು. ಗುಬ್ಬಿ ಹೇಳಿದ್ದಷ್ಟೇ ಕೇಳಿಸಿತು. ಹೂಂ. ಹೂಂ. ಅಳ್ತಿಲ್ಲ. ನೀನೂ ಅಳ್ಬೇಡ. ಬರ್ಲಾ ಮನೆಗೆ? ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. ಅಂಚಿಗೆ ಹೋಗಲ್ಲ. ಸ್ವೆಟರ್ ಹಾಕ್ಕೋತೀನಿ. ಹೂಂ, ಹೋಗಿ ಬರ್ತೀನಮ್ಮ.

ಫೋನು ಮತ್ತೆ ಅಧಿಕಾರಿಯ ಕೈಗೆ ಹೋಯಿತು. ಮಾತೊಂದೇ ಸಾಲದು, ನಿಮ್ಮ ಯಜಮಾನರ ಕಂಪನಿಯಿಂದ ಬಂದದ್ದೇನಾದರೂ ಇದ್ದರೆ ಫೋಟೋ ತೆಗೆದು ಕಳಿಸಲಾಗುವುದೇ, ಮನೆಗೆ ಹೋಗಿ ತರುವಷ್ಟು ಹೊತ್ತು ಕಾಯುತ್ತೇನೆ ಎಂದರು. ಕಾಯಬೇಕಾಗಲಿಲ್ಲ. ಆ ಪತ್ರ ಅವಳ ಕೈಚೀಲದಲ್ಲೇ ಇತ್ತು. ಅಧಿಕಾರಿಯ ಮೊಬೈಲಿನ ಪರದೆಯ ಮೇಲೆ ಬಂದಾಗ ನೋಡಿದೆ: ಮಡಿಕೆಗಳಲ್ಲಿ ಸವೆದು ತೂತು ಬಿದ್ದಿತ್ತು.

ಅಧಿಕಾರಿ ಅದನ್ನು ಓದಿ, ಒಪ್ಪಿಗೆ ಪತ್ರದ ಬಿಳಿ ಜಾಗದ ಕೆಳಗೆ ಎರಡು ಸಾಲು ಬರೆದು ಮೊಹರು ಒತ್ತಿದರು. ಪಾಸ್‌ಪೋರ್ಟನ್ನು ಮಗಳಿಗೆ ಕೊಡದೆ ಬಗ್ಗಿ ಗುಬ್ಬಿಯ ಕೈಗೇ ಕೊಟ್ಟರು. ಬಗ್ಗಿದಾಗ ಕನ್ನಡಕ ಮತ್ತೆ ಜಾರಿತು.

"ಮೂಗಿನ ಗುಂಡಿ ಸಡಿಲ ಆಗಿದೆ," ಅಂದಳು ಗುಬ್ಬಿ. "ನಮ್ಮಮ್ಮನ ಹತ್ರ ಹೋದ್ರೆ ಸರಿಮಾಡಿ ಕೊಡ್ತಾರೆ."

ಹೋಗುತ್ತೇನೆ ಎಂದರು ಅವರು. ನಗಲಿಲ್ಲ, ಅಂಗಡಿಯ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು.

ಹಡಗಿನಲ್ಲಿ ಮೊದಲ ಸಂಜೆ ಮಕ್ಕಳಿಬ್ಬರೂ ಅಂಚಿನ ಕಂಬಿಯಿಂದ ದೂರ, ನನ್ನ ಕುರ್ಚಿಯ ಪಕ್ಕದಲ್ಲಿ ನಿಂತು ನೀರು ನೋಡಿದರು. ರೇಡಿಯೋ ಗೆಳತಿಯ ಮಣಿಕಟ್ಟು ಹಿಡಿದುಕೊಂಡಿದ್ದಳು. ಹುಟ್ಟಿದಾಗಿನಿಂದ ಅವಳನ್ನು ಅಷ್ಟು ಹೊತ್ತು ಮೌನವಾಗಿ ನಾನು ಕಂಡಿಲ್ಲ. ಸಮುದ್ರ ಬೂದು ಬಣ್ಣಕ್ಕೆ ತಿರುಗುತ್ತಿತ್ತು.

"ಅಜ್ಜಿ, ಅಡುಗೆಮನೆ ಎಲ್ಲಿದೆ?" ಎಂದು ಕೇಳಿದಳು ಗುಬ್ಬಿ.

ಪ್ರಯಾಣಿಕರು ಅಲ್ಲಿಗೆ ಹೋಗುವಂತಿಲ್ಲ. ಮಗಳು ಬಡಿಸುವವನೊಬ್ಬನ ಹತ್ತಿರ ಏನೋ ಪಿಸುಗುಟ್ಟಿದಳು, ಅವನು ಒಳಗೆ ಹೋಗಿ ಬಂದು, ಬಾಗಿಲವರೆಗೆ ಮಾತ್ರ ಎಂದ. ಎರಡು ರೆಕ್ಕೆಯ ಬಾಗಿಲನ್ನು ಬೆನ್ನಿನಿಂದ ತಳ್ಳಿ ಹಿಡಿದು ನಿಂತ. ಒಳಗೆ ಹಬೆ, ಬಿಳಿ ಟೊಪ್ಪಿಗಳು, ತಟ್ಟೆಗಳ ಸದ್ದು. ಉದ್ದನೆಯ ಒಲೆಯ ಸುತ್ತ ಹೊಳೆಯುವ ಕಂಬಿಯ ಬೇಲಿ ಇತ್ತು. ಅದರೊಳಗೆ ದೊಡ್ಡ ಪಾತ್ರೆಗಳು ಒಂದಕ್ಕೊಂದು ಒತ್ತಿ ಕೂತಿದ್ದವು. ಹಡಗು ನಿಧಾನವಾಗಿ ಒಂದು ಕಡೆಗೆ ವಾಲಿತು. ನಾನು ಗೋಡೆ ಹಿಡಿದೆ. ಪಾತ್ರೆಗಳು ಬೇಲಿಗೆ ತಾಗಿ ಅಲ್ಲೇ ನಿಂತವು.

ಗುಬ್ಬಿ ಅದನ್ನು ನೋಡಿದಳು. ಹಡಗು ಮತ್ತೆ ನೆಟ್ಟಗಾಗುವವರೆಗೂ ನೋಡಿದಳು.

"ಅಪ್ಪ ಹೇಳಿದ ಹಾಗೇ ಇತ್ತು ಅಂತ ಅಮ್ಮಂಗೆ ಹೇಳ್ಬೇಕು," ಅಂದಳು. ಬಾಗಿಲು ಹಿಡಿದವನು ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದ.