ಮಾವನ ಚಾಕುವಿಗೆ ಅಳಿಯನ ಸಾಣೆ

ಪುಣೆ ಬಳಿಯ ಚಾಕಣದಲ್ಲಿ ವಾಹನದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಅಧಿಕಾರಿಯಾಗಿದ್ದ ಮನೋಹರನಿಗೆ ಜಗತ್ತಿನ ಪ್ರತಿಯೊಂದು ವಸ್ತುವಿನಲ್ಲೂ ದೋಷ ಕಾಣುತ್ತಿತ್ತು, ತನ್ನೊಬ್ಬನನ್ನು ಬಿಟ್ಟು. ಇಂಥ ಮಹನೀಯರ ಕೈಗೆ ಹೆಂಡತಿಯ ತವರಿನ ವಸ್ತು ಸಿಗಬಾರದು. ಅನುಸೂಯಾಳ ದುರ್ದೈವ, ಸಿಕ್ಕಿತು.

ಅದು ಆಕೆಯ ತಂದೆ ಗೂಳಪ್ಪನ ಕಿಸೆಚಾಕು. ಗೂಳಪ್ಪ ಇಂದಾಪುರದ ಪೇಟೆಯಲ್ಲಿ ದಾಳಿಂಬೆ ಮಾರಿ ಬದುಕಿದವನು. ಗಿರಾಕಿ ಬಂದರೆ ಬೆಲೆ ಹೇಳುವುದಕ್ಕೂ ಮೊದಲು ಒಂದು ಹಣ್ಣು ಬಿಡಿಸಿ, ಅರ್ಧವನ್ನು ಅವನ ಅಂಗೈಯಲ್ಲಿಡುವುದು ಆತನ ರೂಢಿ. ತಿಂದು ಬಾಯಿ ಒರೆಸಿಕೊಂಡು ಹೊರಟವನನ್ನೂ ಆತ ಬೈದದ್ದಿಲ್ಲ. ಆತ ತೀರಿಕೊಂಡ ಮೇಲೆ ಮುಚ್ಚಿದ್ದ ಅಂಗಡಿಯನ್ನು ಮಗ ಶಿವರಾಜ ಈ ವಿಜಯದಶಮಿಗೆ ಮತ್ತೆ ತೆರೆಯುವವನಿದ್ದ. ಮೊದಲ ಹಣ್ಣು ಅಪ್ಪನ ಚಾಕುವಿನಿಂದ, ಅಕ್ಕನ ಕೈಯಿಂದಲೇ ಬಿಡಿಸಬೇಕೆಂದು ಅವನ ಹಟ. ಅಕ್ಕ ಮಾತು ಕೊಟ್ಟಿದ್ದಳು.

ಆದರೆ ಚಾಕು ಅಳಿಯಂದಿರ ಚಿಕಿತ್ಸೆಯಲ್ಲಿತ್ತು.

"ಇದಕ್ಕ ಬಾಯೇ ಇಲ್ಲಲ್ಲ ಅನು! ನಿಮ್ಮಪ್ಪ ಇದರಾಗ ಹೆಂಗ ವ್ಯಾಪಾರ ಮಾಡ್ಯಾರೋ!" ಎಂದು ಮರುಗಿ, ಮನೋಹರ ಒಂದು ಸಲಕರಣೆ ತರಿಸಿದ್ದ. ಮರದ ಪೀಠ, ಅದರ ಮೇಲೆ ಓರೆಯಾಗಿ ನಿಲ್ಲುವ ಎರಡು ಬಿಳಿಯ ಸಿರಾಮಿಕ್ ಕಡ್ಡಿಗಳು. ಚಾಕುವನ್ನು ನೆಟ್ಟಗೆ ಹಿಡಿದು ಒಮ್ಮೆ ಎಡಗಡ್ಡಿಗೆ, ಒಮ್ಮೆ ಬಲಗಡ್ಡಿಗೆ ಹಗುರಾಗಿ ಎಳೆದರೆ ಅಲಗು ಹರಿತವಾಗುತ್ತದೆ. ಇಷ್ಟೇ ಕೆಲಸ. ಇಷ್ಟೇ ಎಂದು ಒಪ್ಪಿಕೊಂಡರೆ ಗುಣಮಟ್ಟ ವಿಭಾಗದ ಮರ್ಯಾದೆ ಏನಾಗಬೇಕು? ಆದ್ದರಿಂದ ಅಲಗಿಗೆ ಮಾರ್ಕರ್ ಬಳಿದು, ಶಾಯಿ ಎಲ್ಲಿ ಅಳಿಯಿತೆಂದು ಭೂತಗನ್ನಡಿಯಲ್ಲಿ ನೋಡಿ, ಮೊಬೈಲಿನಲ್ಲಿ ಕೋನ ಅಳೆದು, ಮುಂಗೈಯ ಕೂದಲು ಹೆರೆದು ಪರೀಕ್ಷೆ ನಡೆಯುತ್ತಿತ್ತು. ಎಡಗೈ ಬೋಳಾಗಿ, ಪರೀಕ್ಷೆ ಈಗ ಮೊಣಕಾಲಿಗೆ ಇಳಿದಿತ್ತು.

ಅತ್ತ ಅಡುಗೆಮನೆಯ ಈಳಿಗೆಯಲ್ಲಿ ಟೊಮ್ಯಾಟೊ ಹೆಚ್ಚಿದರೆ ಸಾರಿಗೆ ಮೊದಲೇ ರಸ ಸಿದ್ಧವಾಗುತ್ತಿತ್ತು. ಅದನ್ನಿಷ್ಟು ಮಸೆದುಕೊಡಿ ಎಂದರೆ, "ಅದು ಈ ಸೆಟ್ಟಿನ ವ್ಯಾಪ್ತಿಗೆ ಬರೂದಿಲ್ಲ" ಎಂಬ ಉತ್ತರ. ಮನೆಯವರಿಗೆ ಒದಗದ ನೈಪುಣ್ಯವನ್ನೂ ಸಾಧನೆಯೆಂದು ಮೆರೆಸುವ ಪುಣ್ಯಕಾಲವಿದು. ಮನೋಹರ ಕಾಲಕ್ಕೆ ತಕ್ಕ ಮನುಷ್ಯ.

"ಏನ್ರಿ, ಹಬ್ಬದ ಹೊತ್ತಿಗೆ ಚಾಕು ಕೊಡ್ತೀರಿಲ್ಲೋ?"

"ಇನ್ನ ತಯಾರಾಗಿಲ್ಲ. ನೋಡಿಲ್ಲೆ, ಒಂದ ಎಳತಕ್ಕ ಕೂದಲಾ ಹಾರವಲ್ದು."

"ನಾ ದಾಳಿಂಬಿ ಬಿಡಸಾಕಿ, ಯಾರದೂ ದಾಡಿ ಮಾಡಾಕಿ ಅಲ್ಲರಿ."

ಮನೋಹರ ನಗಲಿಲ್ಲ. ಗುಣಮಟ್ಟದ ವಿಷಯದಲ್ಲಿ ನಗೆ ಆತನಿಗೆ ಆಗದು.

ಖಂಡೇನವಮಿ ಬಂತು. ಆಯುಧಗಳೆಲ್ಲ ದೇವರ ಮುಂದೆ ಬಂದವು: ಪಾನಾ, ಇಸ್ಕ್ರೂ ಡ್ರೈವರ್, ಲ್ಯಾಪ್‌ಟಾಪ್. ಸಿರಾಮಿಕ್ ಕಡ್ಡಿಗಳಿಗೆ ನಡುವಿನ ಪೀಠ. ಮನೋಹರ ಅವಕ್ಕೆ ಭಕ್ತಿಯಿಂದ ಕುಸುಬಿ ಎಣ್ಣೆ ತೀಡಿ, ಅದರ ಮೇಲೆ ಅರಿಷಿಣ ಕುಂಕುಮ ಮೆತ್ತಿದ.

"ಅಯ್ಯ, ಎಣ್ಣಿ ತಾಗಸಬಾರದು, ಒಣಾ ಕಡ್ಡಿ ಮ್ಯಾಲೇ ಮಸೀಬೇಕು ಅಂತ ನೀವ ಓದಿ ಹೇಳಿದ್ರೆಲ್ಲ?"

"ಅದು ದಿನದ ಕೆಲಸಕ್ಕ. ಇದು ಪೂಜಿ. ದೇವರಿಗೂ ನಿಯಮಾ ಹೇಳ್ತೀಯೇನ?"

ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಎತ್ತುವಂತಿಲ್ಲ. ಹೀಗಾಗಿ ಎಣ್ಣೆ ಕುಂಕುಮಗಳು ಕಡ್ಡಿಗಳ ಮೈಯಲ್ಲಿ ಆರಾಮವಾಗಿ ಇಂಗಿದವು. ವಿಜಯದಶಮಿಯ ಬೆಳಗ್ಗೆ, ಅನುಸೂಯಾ ಇಂದಾಪುರದ ಬಸ್ಸಿಗೆ ಸೀರೆ ಉಟ್ಟು ನಿಂತಾಗ, ಮನೋಹರ "ಕಡೀ ಸಾಣಿ" ಎಂದು ಕುಳಿತ. ಚಾಕು ಕಡ್ಡಿಯನ್ನು ಕಚ್ಚಲಿಲ್ಲ. ತುಪ್ಪದ ಮೇಲೆ ಜಾರಿದಂತೆ ಜಾರಿತು. ಬಟ್ಟೆಯಿಂದ ಒರೆಸಿದ, ಕೆಂಪು ಇನ್ನಷ್ಟು ಹರಡಿತು. ಒತ್ತಿದ. ಇನ್ನೂ ಒತ್ತಿದ. ಟಕ್ಕೆಂದು ಬಲಗಡ್ಡಿ ನಡುವೆ ಮುರಿದು, ಅಲಗು ಪೀಠದ ಮರಕ್ಕೆ ಬಡಿಯಿತು.

ಅನುಸೂಯಾ ಕಡ್ಡಿಯತ್ತ ನೋಡಲೇ ಇಲ್ಲ. ಚಾಕುವಿನ ಮೊನೆ ಉಳಿದಿದೆಯೇ ಎಂದು ಬಗ್ಗಿದಳು. ಉಳಿದಿತ್ತು.

"ಮಾಲು ಖೋಟಾ ಅದ," ಎಂದು ಮನೋಹರ ತೀರ್ಪು ಕೊಟ್ಟ. "ಹೊಸಾ ಸೆಟ್ ತರಸ್ತೀನಿ. ಅಲ್ಲೀತನಕ ಚಾಕು ಮನಿ ಬಿಡೂಹಂಗಿಲ್ಲ. ಅರಧಾ ಆದ ಮಾಲು ನಾ ಹೊರಗ ಬಿಡಾವಲ್ಲ."

"ಇದು ನಿಮ್ಮ ಕಾರ್ಖಾನಿ ಮಾಲಲ್ಲರಿ. ನಮ್ಮಪ್ಪನ ಚಾಕು." ಆಕೆ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಮಡಚಿ ಚೀಲಕ್ಕಿಟ್ಟಳು. "ಬರ್ರಿ, ಬಸ್ಸು ಹೋಗ್ತದ."

ಮನೋಹರ ಬರಲಿಲ್ಲ. ತತ್ತ್ವದ ಪ್ರಶ್ನೆಯಂತೆ! ಮೊಂಡ ಚಾಕುವಿನೊಡನೆ ಪ್ರಯಾಣ ಮಾಡುವುದು ಪದವೀಧರರಿಗೆ ಶೋಭಿಸದು.

ಬಸ್ಸಿನಲ್ಲಿ ಆಕೆ ಹೆಬ್ಬೆರಳಿನಿಂದ ಅಲಗನ್ನು ಮುಟ್ಟಿ ನೋಡಿದಳು. ಇದ್ದಷ್ಟು ಹರಿತವೂ ಬೆಳಗಿನ ಒತ್ತಾಟದಲ್ಲಿ ಹೋಗಿತ್ತು. ಪೇಟೆಯವರೆಲ್ಲ ನೆರೆದಿರುತ್ತಾರೆ, ಗೂಳಪ್ಪನ ಚಾಕು ಎಲ್ಲರೆದುರು ಸೋತರೆ? ದಾರಿಯುದ್ದಕ್ಕೂ ಆಕೆ ಕಿಟಕಿಯಾಚೆಯ ಕಬ್ಬನ್ನು ನೋಡಿದಳಾದರೂ ಏನೂ ಕಾಣಲಿಲ್ಲ.

ಅಂಗಡಿಯ ಮುಂದೆ ಶಿವರಾಜ ಕಾಯುತ್ತಿದ್ದ. "ಮಾಮಾ ಬರಲಿಲ್ಲೇನಕ್ಕಾ?"

"ಅವರು ಶೋಕದಾಗ ಅದಾರ. ಕಡ್ಡಿ ತೀರಿಕೊಂಡದ."

ಮೊದಲ ಗಿರಾಕಿ ಖಾಕಿ ತೊಟ್ಟ ಬಸ್ಸಿನ ಡ್ರೈವರ್. ಅನುಸೂಯಾ ದಾಳಿಂಬೆಯ ಸಿಪ್ಪೆಗೆ ಮೊನೆ ಊರಿದಳು. ಜಾರಿತು. ಯಾರೋ ಕೆಮ್ಮಿದರು. ಆಕೆ ಹಣ್ಣನ್ನು ತಿರುಗಿಸಿ ಮತ್ತೆ ಊರಿದಳು, ಮೊನೆ ಇಳಿಯಿತು. ದಾಳಿಂಬೆಗೆ ಬೇಕಾದದ್ದು ಸಿಪ್ಪೆಯ ಸುತ್ತ ಒಂದು ಗೀರು. ಉಳಿದದ್ದು ಹೆಬ್ಬೆರಳುಗಳ ಕೆಲಸ. ಹಣ್ಣು ಚಟ್ಟನೆ ಇಬ್ಭಾಗವಾಗಿ, ಒಂದು ಕಾಳೂ ಚೆಲ್ಲದೆ, ಕೆಂಪಗೆ ತೆರೆದುಕೊಂಡಿತು. ಆಕೆ ಅರ್ಧವನ್ನು ಡ್ರೈವರನ ಅಂಗೈಯಲ್ಲಿಟ್ಟಳು. ಬೆಲೆ ಹೇಳಲಿಲ್ಲ.

"ಏಕ್ ನಂಬರ್, ತಾಈ!" ಎಂದು ಆತ ಬಾಯಿ ತುಂಬಿಕೊಂಡೇ ಮರಾಠಿಯಲ್ಲಿ ಹೊಗಳಿ ಚೀಲ ಬಿಚ್ಚಿದ.

ಅಷ್ಟರಲ್ಲಿ ಫೋನು ಬಂತು. ಪುಣೆಯಿಂದ.

"ಕೊಯ್ತೇನ?"

"ಕೊಯ್ತರಿ."

ಗುಣಮಟ್ಟ ವಿಭಾಗ ಆಘಾತದಿಂದ ಚೇತರಿಸಿಕೊಳ್ಳುತ್ತಿತ್ತು. "ಯಾವ ಕೋನದಾಗ ಹಿಡಿದಿದ್ದಿ?"

ಅನುಸೂಯಾ ಫೋನನ್ನು ತಮ್ಮನ ಕೈಗಿತ್ತಳು. "ನಿಮ್ಮ ಮಾಮಾಗ ನೀನ ಹೇಳಪಾ, ನನ್ನ ಕೈ ಖಾಲಿ ಇಲ್ಲ" ಎಂದು ಎರಡನೆಯ ಹಣ್ಣನ್ನು ಎತ್ತಿಕೊಂಡಳು.