ಏಳು ಹೆಬ್ಬೆರಳು

ಹರಿಣಿ ಮೇಡಂ ಮೆಸೇಜು ಹಾಕಿದರೆ ಮೊದಲು ಮೊಬೈಲಿನಲ್ಲಿ ಹೆಬ್ಬೆರಳಿನ ಚಿತ್ರ ಒತ್ತಬೇಕು, ಆಮೇಲೆ ಓದಬೇಕು. ಬಾಂದ್ರಾದ ಆ ಹೆರಿಗೆ ಆಸ್ಪತ್ರೆಯಲ್ಲಿ ಇಂಥ ನಿಯಮವನ್ನು ಯಾರೂ ಮಾಡಿರಲಿಲ್ಲ, ಆದರೆ ನರ್ಸುಗಳಿಗೆಲ್ಲ ಗೊತ್ತಿತ್ತು. ತಡವಾಯಿತೋ, "ನಿದ್ದೆಯಾ?" ಎಂದು ಡಾಕ್ಟರಮ್ಮ ಎಲ್ಲರೆದುರೇ ಉಗಿಯುತ್ತಿದ್ದರು. ಮೊದಲು ವಾಟ್ಸಾಪ್ ಇತ್ತು. ಯಾರೋ ಪುಣ್ಯಾತ್ಮರು ಬಸುರಿಯೊಬ್ಬಳ ರಿಪೋರ್ಟನ್ನು ಹೊರಗೆ ಕಳಿಸಿ ಅವಳ ಸಂಸಾರಕ್ಕೇ ಕೊಳ್ಳಿ ಇಟ್ಟ ಮೇಲೆ ಈ ಹೊಸ ಆ್ಯಪ್ ಬಂತು. ಇದರಿಂದ ಒಂದು ಫೋಟೊ, ಒಂದು ಮಾತು ಆಚೆ ಹೋಗುವಂತಿಲ್ಲ. ಭದ್ರವೋ ಭದ್ರ! ಹೆಬ್ಬೆರಳಿನ ಅಭ್ಯಾಸ ಮಾತ್ರ ಅಲ್ಲಿಂದ ಇಲ್ಲಿಗೂ ಬಂತು.

ಆ ದಿನ ಜ್ಯೋತ್ಸ್ನಾಗೆ ಮಧ್ಯಾಹ್ನದ ಡ್ಯೂಟಿ. ಡ್ಯೂಟಿಗೆ ಮೊದಲು ಗ್ರಾಂಟ್ ರೋಡಿನಲ್ಲಿ ಅಣ್ಣ ಮೋನಪ್ಪನ ಹೋಟೆಲಿಗೆ ಹೋಗಿ ಊಟ ಮಾಡೋಣವೆಂದು ಬೊರಿವಲಿಯಲ್ಲಿ ಬೆಳಿಗ್ಗೆಯೇ ಲೋಕಲ್ ಹತ್ತಿದ್ದಳು. ಗರ್ದಿಯಲ್ಲಿ ನೇತಾಡುತ್ತಿರುವಾಗ ಮೆಸೇಜು ಬಂತು: "ಭಾಗವ್ವ, ಏಳನೇ ತಿಂಗಳು. ನಿನ್ನೆ ಬಿಪಿ ಏರಿತ್ತು, ಈಗ ಮೂತ್ರದ ರಿಪೋರ್ಟೂ ಕೆಟ್ಟದಾಗಿ ಬಂದಿದೆ. ಕೂಡಲೇ ಕರೆಸಿ ಅಡ್ಮಿಟ್ ಮಾಡಿ." ಹೆಬ್ಬೆರಳು ಒತ್ತಿದಳು. ಓದಿದಳು ಕೂಡ.

ಭಾಗವ್ವ ಯಾದಗಿರಿ ಕಡೆಯವಳು, ಗಂಡ ಮರೆಪ್ಪನ ಜೊತೆ ಬಿಲ್ಡಿಂಗ್ ಕೆಲಸಕ್ಕೆ ಬಂದವಳು. ತಪಾಸಣೆಗೆ ಬಂದಾಗಲೆಲ್ಲ "ನಮ್ಮ ಮಾತಾಡೋ ಅಕ್ಕ ಎಲ್ಲಿದಾರ್ರಿ?" ಎಂದು ಜ್ಯೋತ್ಸ್ನಾಳನ್ನೇ ಹುಡುಕುತ್ತಿದ್ದಳು. ಪಾಪ ಅನ್ನಿಸಿತು. ಆದರೆ ಬೆಳಗಿನ ಡ್ಯೂಟಿಯ ನರ್ಸು ರಂಜನಾ ಅಲ್ಲೇ ಇದ್ದಾಳಲ್ಲ, ಕರೆಸುತ್ತಾಳೆ ಎಂದುಕೊಂಡು ಜ್ಯೋತ್ಸ್ನಾ ಮೊಬೈಲನ್ನು ಬ್ಯಾಗಿಗೆ ಹಾಕಿದಳು. ಅಣ್ಣನಲ್ಲಿ ಹೊಟ್ಟೆತುಂಬ ಉಂಡಳು.

ಗುಂಪಿನ ಏಳು ನರ್ಸುಗಳ ಏಳು ಹೆಬ್ಬೆರಳೂ ಬಿದ್ದಿದ್ದವು. ಅಷ್ಟನ್ನೂ ಕಂಡ ಮೇಡಂ, ಕೆಲಸ ಆಯಿತೆಂದು ನಿಶ್ಚಿಂತೆಯಿಂದ ಆಪರೇಷನ್‌ಗೆ ಹೋದರು. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು?

"ಭಾಗವ್ವನಿಗೆ ಯಾವ ಬೆಡ್ ಕೊಟ್ಟೆ?" ವಾರ್ಡಿಗೆ ಕಾಲಿಟ್ಟೊಡನೆ ಜ್ಯೋತ್ಸ್ನಾ ಕೇಳಿದಳು.

ರಂಜನಾ ಕಣ್ಣು ಬಿಟ್ಟಳು. "ನಿನ್ನ ಕನ್ನಡದವಳಲ್ಲವಾ? ನೀನೇ ಫೋನ್ ಮಾಡಿರ್ತೀ ಅಂದುಕೊಂಡೆ," ಎಂದಳು ತನ್ನ ಮರಾಠಿ ಬೆರೆತ ಹಿಂದಿಯಲ್ಲಿ.

ಜ್ಯೋತ್ಸ್ನಾ ನಿಂತಲ್ಲೇ ಮರೆಪ್ಪನಿಗೆ ಫೋನ್ ಹಚ್ಚಿದಳು.

"ದಾದರ್ ಸ್ಟೇಶನ್ದಾಗ ಕುಂತೀವ್ರಿ ಅಕ್ಕಾರ," ಎಂದ ಮರೆಪ್ಪ. "ತವರಾಗ ಆಕಿಗಿ ಉಡಿ ತುಂಬಿ ಕುಬುಸ ಮಾಡ್ತಾರ್ರಿ, ಊರಿಗಿ ಹೊಂಟೀವಿ."

"ಅವಳ ಕೈಗೆ ಕೊಡಿ!" ರೋಗಿಯ ವಿಷಯ ರೋಗಿಗೇ ಹೇಳಬೇಕೆಂಬ ನಿಯಮ ಆ ಗಾಬರಿಯಲ್ಲೂ ನೆನಪಿತ್ತು ನೋಡಿ.

ಭಾಗವ್ವನ ದನಿ ಸೋತಿತ್ತು. "ತಲಿ ಸಿಡೀಲಿಕತ್ತದ ಅಕ್ಕಾ. ಕಣ್ಣು ಮಂಜ ಮಂಜ ಆಗ್ಯಾವ. ಅವ್ವನ ತೊಡಿಮ್ಯಾಲ ತಲಿ ಇಟ್ಟು ಮಲಗಿದ್ರ ಸರಿ ಹೋಗ್ತದ."

"ಎಂತ ಸರಿ ಹೋಗುದು ಮಾರಾಯ್ತಿ! ಟ್ರೇನ್ ಹತ್ತಬೇಡ. ಅಲ್ಲೇ ಕೂತಿರು, ನಾನು ಬರ್ತೇನೆ."

ರಂಜನಾಗೆ ಆಂಬುಲೆನ್ಸ್ ಕಳಿಸಲು ಹೇಳಿ ಜ್ಯೋತ್ಸ್ನಾ ಸಿಕ್ಕ ಲೋಕಲ್ ಹಿಡಿದಳು. ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಜನ ಮುತ್ತಿದ್ದರು. ಭಾಗವ್ವನಿಗೆ ಫಿಟ್ಸ್ ಬಂದು ಕೈಕಾಲು ಸೆಟೆದಿದ್ದವು. ಮರೆಪ್ಪ ಯಾರದೋ ಬೀಗದ ಕೈಗೊಂಚಲನ್ನು ಅವಳ ಮುಷ್ಟಿಗೆ ತುರುಕುತ್ತ ಅಳುತ್ತಿದ್ದ. ಅಯ್ಯೋ ದೇವರೇ, ಒಂದು ಫೋನ್, ಒಂದೇ ಒಂದು ಫೋನ್ ಸಾಕಿತ್ತಲ್ಲ ಎಂದು ಜ್ಯೋತ್ಸ್ನಾಳ ಜೀವ ಚೀರಿತು.

ಆಂಬುಲೆನ್ಸ್ ಬಂತು. ಮೇಡಂ ಆಪರೇಷನ್ ಮಾಡಿದರು. ತಾಯಿ ಉಳಿದಳು. ಹೆಣ್ಣು ಕೂಸು ಅಳಲೇ ಇಲ್ಲ.

ಕೈ ತೊಳೆದು ಹೊರಬಂದ ಮೇಡಂ ಮುಖ ಬಿಳಿಚಿಕೊಂಡಿತ್ತು. ಭಾಗವ್ವ ಬಂದಳೇ ಎಂದು ತಾವೂ ಕೇಳಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. "ಗುಂಪಿನ ಮಾತು ಗುಂಪಿನಲ್ಲೇ ಇರಲಿ. ಯಾರೂ ಬಾಯಿ ಬಿಡಬೇಡಿ," ಎಂದರು. ಎಲ್ಲರೂ ತಲೆಯಾಡಿಸಿದರು. ಜ್ಯೋತ್ಸ್ನಾಳೂ ಆಡಿಸಿದಳು. ಬಾಯಿ ಬಿಟ್ಟರೆ ಏಳು ಜನರ ಕೆಲಸಕ್ಕೂ ಸಂಚಕಾರ.

ಭಾಗವ್ವ ಎದ್ದು ಕೂರುವಂತಾದಾಗ ಜ್ಯೋತ್ಸ್ನಾಳ ಕೈ ಹಿಡಿದುಕೊಂಡಳು. "ನೀವು ಓಡಿ ಬರದಿದ್ರ ನಾ ಅಲ್ಲೇ ಸಾಯ್ತಿದ್ದೆ. ನಮ್ಮ ಪಾಲಿಗಿ ದೇವ್ರು ಬಂದಂಗ ಬಂದ್ರಿ ಅಕ್ಕಾ." ಮರೆಪ್ಪ ಕಾಲು ಮುಟ್ಟಲು ಬಗ್ಗಿದ.

ಜ್ಯೋತ್ಸ್ನಾಗೆ ತಡೆಯಲಾಗಲಿಲ್ಲ. ಬೆಂಕಿ ತಾಗಿದಂತೆ ಕಾಲು ಹಿಂದಕ್ಕೆ ಎಳೆದುಕೊಂಡಳು. "ಬೇಡ ಮಾರಾಯ! ರಿಪೋರ್ಟ್ ಕೆಟ್ಟದಿದೆ ಅಂತ ನನಗೆ ಬೆಳಿಗ್ಗೆಯೇ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಬೇರೆ ಯಾರಾದ್ರೂ ಹೇಳ್ತಾರೆ ಅಂತ ನಾನು ಸುಮ್ಮನೆ ಕೂತೆ."

ಬಗ್ಗಿದ ಮರೆಪ್ಪ ಹಾಗೇ ನಿಂತ. ಭಾಗವ್ವ ಕೈ ಬಿಡಲಿಲ್ಲ, ಇನ್ನೂ ಬಿಗಿಯಾಗಿ ಹಿಡಿದಳು.

"ಮುಂಜಾನಿ ನಾ ಮನ್ಯಾಗೇ ಇದ್ದೆ ಅಕ್ಕಾ," ಎಂದಳು. "ಆಗ ಕೂಸು ಹೊಟ್ಟ್ಯಾಗ ಒದೀತಿತ್ತು."